ಹಳ್ಳಕ್ಕೆ ಹದ್ದುಬಸ್ತು ಮಾಡಿಸಿದ್ದು

ನಮ್ಮ ಊರು ಬೀದರ್ ನಗರದ ಅಂಚಿನಲ್ಲಿ, ರಿಂಗ್ ರೋಡಿನ ಆಚೆ ಇಳಿಜಾರಿನಲ್ಲಿದೆ. ಮೇಲೆ ಗೈರಾಣ (ಊರಿನ ದನ ಮೇಯುವ ಸಾಮೂಹಿಕ ಬಯಲು), ಗೈರಾಣದಿಂದ ಇಳಿಯುವ ಹಳ್ಳ, ಹಳ್ಳದ ಎರಡೂ ಮಗ್ಗುಲಿಗೆ ಹೊಲ, ಕೆಳಗೊಂದು ಸಣ್ಣ ಕೆರೆ. ಕೆರೆ ತುಂಬಿ ಹೊರಬಿದ್ದ ನೀರು ಮುಂದೆ ಮಾಂಜ್ರಾ ನದಿ ಸೇರುತ್ತದೆ. ನಗರದ ಪ್ಲಾಟುಗಳು ಊರಿಗೆ ಬಂದಾಗ ಇವುಗಳಲ್ಲಿ ಹೊಲ ಪೂರ್ತಿ ಉಳಿಸಿಕೊಳ್ಳುವುದು ನಮ್ಮಿಂದ ಆಗಲಿಲ್ಲ. ಹಳ್ಳ, ಗೈರಾಣ, ಕೆರೆ ಉಳಿದಿವೆ. ಹೇಗೆ ಮಾಡಿದಿರಿ ಎಂದು ಭಾಲ್ಕಿ, ಹುಮನಾಬಾದ್ ಕಡೆಯ ರೈತರು ಫೋನ್ ಹಚ್ಚಿ ಕೇಳುತ್ತಿರುತ್ತಾರೆ. ಕಲಬುರಗಿಯಿಂದಲೂ ಇಬ್ಬರು ಬಂದು ನೋಡಿಹೋದರು. ಹಾಗಾಗಿ ಒಮ್ಮೆ ಕೂತು ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ನೆಲದ ಗುಣ ಹೇಳಬೇಕು. ಅದು ಗೊತ್ತಿಲ್ಲದೆ ಈ ಜಗಳ ಅರ್ಥವಾಗುವುದಿಲ್ಲ. ಬೀದರ್ ಕೋಟೆ ನಿಂತಿರುವ ಎತ್ತರವೆಲ್ಲ ಕೆಂಪುಕಲ್ಲಿನ ಹಾಸು. ಈ ಕಲ್ಲಿಗೆ ಮೈಯೆಲ್ಲ ತೂತು. ಹಳೆಯ ಕಂಬಳಿ ನೀರು ಕುಡಿದಂತೆ ಮಳೆಯನ್ನು ಕುಡಿದುಬಿಡುತ್ತದೆ. ಕುಡಿದ ನೀರು ಕೆಳಗೆ ಇಳಿದು ಇಳಿದು ಬಸಾಲ್ಟಿನ ಕಪ್ಪು ಬಂಡೆ ತಾಗಿದಲ್ಲಿ ನಿಲ್ಲುತ್ತದೆ. ಅಲ್ಲಿಂದ ಅಡ್ಡಕ್ಕೆ ಸರಿದು, ಎತ್ತರ ಮುಗಿಯುವ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ: ಬೀದರಿನ ಜನ, ಹೊರಗಿನ ಜನ ಬಂದು ಕೈಮುಗಿಯುವ ಈ ಜಾಗಗಳಲ್ಲಿ ಸುರಿಯುವುದೆಲ್ಲ ಹೀಗೆ ಕೆಂಪುಕಲ್ಲು ಕುಡಿದಿಟ್ಟ ನೀರು. ಬಹಮನಿಯವರ ಕಾಲದಲ್ಲಿ, 15ನೇ ಶತಮಾನದಲ್ಲಿ, ಇರಾನಿನ ಕಡೆಯ ವಿದ್ಯೆ ಬಲ್ಲವರು ಇದೇ ನೀರನ್ನು ನೆಲದೊಳಗೇ ಸುರಂಗ ಕೊರೆದು ಊರಿಗೆ ತಂದರು. ನೌಬಾದಿನಲ್ಲಿ ಆ ಸುರಂಗ ಬಾವಿ ಇವತ್ತಿಗೂ ಇದೆ. ಕರೇಜ್ ಎಂದು ದೇಶದಾಚೆಗೂ ಹೆಸರಾಗಿದೆ. ಹತ್ತು ವರ್ಷದ ಹಿಂದೆ ಜಿಲ್ಲಾಡಳಿತ ಅದರ ಹೂಳು ತೆಗೆಸಿತು. ಜಗತ್ತಿನಲ್ಲಿ ಕಾಪಾಡಬೇಕಾದ ಪಾರಂಪರಿಕ ತಾಣಗಳನ್ನು ಹೆಸರಿಸುವ 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ದಖ್ಖನ್ನಿನ ಐತಿಹಾಸಿಕ ನೀರಿನ ವ್ಯವಸ್ಥೆಗಳು ಸೇರಿದಾಗ ಬೀದರಿನವರಿಗೆಲ್ಲ ಹಿಗ್ಗಾಯಿತು. ನನಗೂ ಆಯಿತು. ಆದರೆ ಸುರಂಗದ ಹೂಳು ತೆಗೆಯಬಹುದು, ಅದರ ತಲೆಯ ಮೇಲಿನ ನೆಲಕ್ಕೆ ಸಿಮೆಂಟು ಹಾಸಿದ ಮೇಲೆ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು? ನಮ್ಮ ಊರಿನ ಹಳ್ಳದ ಪ್ರಶ್ನೆಯೂ ಅದೇ. ಮೇಲಿನ ಗೈರಾಣ ಕುಡಿದ ನೀರೇ ಕೆಳಗಿನ ನಮ್ಮ ಬಾವಿಗಳಲ್ಲಿ ಬೇಸಿಗೆಯವರೆಗೂ ಉಳಿಯುವುದು.

2016ರ ಬರಗಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಂಜ್ರಾದ ಮೇಲ್ಗಡೆ, ನಮ್ಮ ನೆರೆಯ ಲಾತೂರಿಗೆ, ಆ ಏಪ್ರಿಲಿನಲ್ಲಿ ರೈಲಿನಲ್ಲಿ ನೀರು ತಂದರು. ನಮ್ಮ ಊರಲ್ಲಿ ಬೋರುಗಳು ಒಂದಾದ ಮೇಲೊಂದು ಒಣಗಿದವು. ಹಳ್ಳದ ಪಕ್ಕದ ಎರಡು ತೆರೆದ ಬಾವಿಗಳಲ್ಲಿ ಮಾತ್ರ ತಳದಲ್ಲಿ ನೀರಿತ್ತು. ಊರು ಆ ನೀರಿನ ಮೇಲೆ ಬೇಸಿಗೆ ದಾಟಿತು.

ಅದಾದ ಮೇಲೆ ಕೆಲವೇ ವರ್ಷದಲ್ಲಿ ಪ್ಲಾಟಿಂಗ್ ನಮ್ಮ ಶಿವಾರಕ್ಕೆ ಬಂತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಬೇಸಾಯ ಮಾಡದವರೂ ಹೊಲ ಕೊಳ್ಳುವಂತಾಯಿತು. ಊರಿಗೆ ಕಾರುಗಳು ಬರತೊಡಗಿದವು. ಎಕರೆಗೆ ಇಷ್ಟು ಎಂದು ಹೇಳುವ ದರ, ಹತ್ತು ವರ್ಷ ಉದ್ದು, ಹೆಸರು, ತೊಗರಿ ಬೆಳೆದರೂ ನೋಡಲಾಗದ ದುಡ್ಡು. ಮೊದಲು ಒಬ್ಬರು ಕೊಟ್ಟರು, ಆಮೇಲೆ ಅವರ ಪಕ್ಕದವರು. ಎನ್‌ಎ (ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿ, ಮುರುಮು (ಗರಸು ಮಣ್ಣು) ಹೊಡೆದು, ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿದರು. ಹೊಲ ಮಾರುವುದು ಬಿಡುವುದು ಅವರವರ ಇಷ್ಟ. ನನ್ನ ಎದೆ ಒಡೆದದ್ದು ಜೆಸಿಬಿ ಹಳ್ಳಕ್ಕೆ ಇಳಿದ ದಿನ. ಹಳ್ಳದ ಒಂದು ತಿರುವಿಗೆ ಮುರುಮು ತುಂಬಿ ನೇರ ಮಾಡುತ್ತಿದ್ದರು. ಕೇಳಿದರೆ, ಪ್ಲಾಟಿನ ನಕ್ಷೆಯಲ್ಲಿ ಹಳ್ಳವೇ ಇಲ್ಲ ಎಂದರು. ನಕ್ಷೆ ತೋರಿಸಿದರು. ನಿಜವಾಗಿಯೂ ಇರಲಿಲ್ಲ.

ಊರಿನ ಹುಡುಗರಿಗೆ ಸಿಟ್ಟು ಬಂತು. ರಸ್ತೆ ತಡೆಯೋಣ, ಧರಣಿ ಕೂಡೋಣ ಎಂದರು. ನಾನು ಬೇಡವೆನ್ನಲಿಲ್ಲ. ಆದರೆ ಧರಣಿಗೆ ಬಂದ ಸಾಹೇಬರು ಕೇಳುವ ಮೊದಲ ಪ್ರಶ್ನೆ ಏನು? ‘ಹಳ್ಳ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾವ ಸರ್ವೆ ನಂಬರಿನಾಗ?’ ಇದಕ್ಕೆ ಉತ್ತರ ಇಲ್ಲದಿದ್ದರೆ ಧರಣಿಯ ಫೋಟೊ ಪೇಪರಿಗೆ ಬರುತ್ತದೆ, ಜೆಸಿಬಿ ಮರುದಿನ ಮತ್ತೆ ಬರುತ್ತದೆ. ಅದಕ್ಕೇ ನಾವು ಮೊದಲು ಕಾಗದ ಹುಡುಕಲು ಹೊರಟೆವು. ಇಂಥ ಕೆಲಸಕ್ಕೆ ಕೈಹಾಕುವವರು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಳಿಸಬೇಕಾದ್ದನ್ನು ಮೊದಲು ಅಳೆಸಬೇಕು.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹೆಚ್ಚು ಜನ ಕೇಳುವುದು ಇದನ್ನೇ. ಊರಿನ ಕಂದಾಯ ನಕ್ಷೆ ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಹಳ್ಳಗಳನ್ನು ಜೋಡುಗೆರೆಯಾಗಿ ಬರೆದಿರುತ್ತಾರೆ, ದಾರಿಗಳನ್ನು ಬೇರೆ ಥರದ ಗೆರೆಯಿಂದ. ನಮ್ಮ ನಕ್ಷೆಯಲ್ಲಿ ಹಳ್ಳ ಗೈರಾಣದಿಂದ ಕೆರೆಯವರೆಗೆ ಎಲ್ಲೂ ತುಂಡಾಗದೆ ಇತ್ತು. ನಕ್ಷೆ ಹಳ್ಳ ಇದೆ ಎನ್ನುವುದನ್ನು ಹೇಳುತ್ತದೆ, ಎಷ್ಟು ಅಗಲ ಎನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಆ ಆ ಸರ್ವೆ ನಂಬರಿನ ಟಿಪ್ಪಣಿ (ಸರ್ವೆಯವರ ಅಳತೆಯ ದಾಖಲೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ದಾಖಲೆ) ಬೇಕು. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಸರ್ವೆ ಕಚೇರಿಯಿಂದ ಪ್ರತಿ ತಗೊಳ್ಳಬೇಕು. ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬೇಕು, 30 ದಿನದೊಳಗೆ ಉತ್ತರ ಕೊಡಲೇಬೇಕು.

ಕೈಗೆ ಬಂದ ಮೇಲೆ ಪಹಣಿಯ ಜೊತೆ ಇಟ್ಟು ತಾಳೆ ನೋಡಿ. ಪಹಣಿಯಲ್ಲಿ ವಿಸ್ತೀರ್ಣದ ಕೆಳಗೆ ಫೂಟ್ ಖರಾಬ್ ‘ಅ’, ‘ಬ’ ಎಂದು ಎರಡು ಇರುತ್ತವೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮದಲ್ಲಿ ಇದರ ವಿವರ ಇದೆ. ‘ಅ’ ಖರಾಬು ಎಂದರೆ ಸರ್ವೆಯ ಹೊತ್ತಿಗೆ ಬೇಸಾಯಕ್ಕೆ ಬಾರದಿದ್ದ ಜಾಗ, ಅದು ಹೊಲದವರದ್ದೇ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಹೊಲ ಯಾರ ಹೆಸರಿನಲ್ಲಿದ್ದರೂ ‘ಬ’ ಖರಾಬು ಅವರದ್ದಾಗುವುದಿಲ್ಲ, ಮಾರಲು ಬರುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮು ಹಳ್ಳ, ನಾಲೆ, ಕೆರೆಗಳೆಲ್ಲ ಸರ್ಕಾರದ್ದು ಎನ್ನುತ್ತದೆ. ನಮ್ಮಲ್ಲಿ ಆದದ್ದು ಇಷ್ಟು: ಆಕಾರಬಂದಿನಲ್ಲಿ ‘ಬ’ ಖರಾಬಿಗೆ ಗುಂಟೆಗಳು ಬರೆದಿದ್ದವು, ಕಂಪ್ಯೂಟರ್ ಪಹಣಿಯ ಆ ಮನೆ ಖಾಲಿ ಇತ್ತು. ಹಳ್ಳದ ಗುಂಟೆಗಳೆಲ್ಲ ಹೊಲದ ಲೆಕ್ಕಕ್ಕೆ ಸೇರಿ ಹೋಗಿದ್ದವು. ಪ್ಲಾಟಿನವರ ನಕ್ಷೆ ಪಹಣಿ ನೋಡಿ ಮಾಡಿದ್ದು, ಅದರಲ್ಲಿ ಹಳ್ಳ ಇರುವುದಾದರೂ ಹೇಗೆ?

ನಮ್ಮ ಭಾಗದ ಜಿಲ್ಲೆಗಳಿಗೆ ಇನ್ನೊಂದು ತೊಡಕಿದೆ. ನಾವು ನಿಜಾಮರ ಸೀಮೆಯವರು. ಹಳೆಯ ಸೇತ್ವಾರ (ನಿಜಾಮರ ಕಾಲದ ಸರ್ವೆ ದಾಖಲೆ), ಹಳೆಯ ಪಹಣಿಗಳು ಉರ್ದುವಿನಲ್ಲಿವೆ. ಪ್ರತಿ ಸಿಕ್ಕರೂ ಓದುವವರು ಬೇಕು. ನಮಗೆ ಓದಿಕೊಟ್ಟವರು ಬೀದರಿನ ಹಳೇ ಊರಿನಲ್ಲಿರುವ ಒಬ್ಬ ನಿವೃತ್ತ ಉರ್ದು ಮಾಸ್ತರರು. ಕನ್ನಡಕ ಏರಿಸಿ, ಬೆರಳಿಟ್ಟು ಸಾಲು ಸಾಲು ಓದುತ್ತ ‘ನಾಲಾ ಸರ್ಕಾರಿ’ ಎಂದಾಗ ನಮ್ಮ ಜೊತೆಗಿದ್ದ ಹುಡುಗರು ಎದ್ದು ನಿಂತುಬಿಟ್ಟರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ‘ಬಾವಿ ನೀರು ಕುಡಿದಾವ ನಾನೂ, ಇಡ್ರಿ ಒಳಗ’ ಎಂದರು. ಅವರು ಓದಿದ್ದನ್ನು ಕನ್ನಡದಲ್ಲಿ ಬರೆಸಿ, ಅವರ ಸಹಿ ಹಾಕಿಸಿ ಅರ್ಜಿಗೆ ಲಗತ್ತಿಸಿದೆವು.

ಕಾಗದ ಒಂದು ಕಡೆ, ನೆಲ ಇನ್ನೊಂದು ಕಡೆ. ಎರಡನ್ನೂ ಕೂಡಿಸಲು ಹಳ್ಳದ ಉದ್ದಕ್ಕೂ ನಡೆಯಬೇಕು. ನಮ್ಮ ಜೊತೆ ಒಬ್ಬ ಕುರಿ ಕಾಯುವ ಕಾಕಾ ಬಂದರು. ಹಳ್ಳ ಮೊದಲು ಎಲ್ಲಿ ತಿರುಗುತ್ತಿತ್ತು, ಯಾವ ಹುಣಸೆಮರದ ಬುಡದವರೆಗೆ ನೀರು ಬರುತ್ತಿತ್ತು, ಎಲ್ಲಿ ಎಮ್ಮೆಗಳು ಬೀಳುತ್ತಿದ್ದವು, ಎಲ್ಲ ಅವರಿಗೆ ಬಾಯಿಪಾಠ. ಹುಡುಗರ ಫೋನಿನಲ್ಲಿ ದಿಶಾಂಕ್ ಆ್ಯಪ್ ಇತ್ತು. ನಿಂತ ಜಾಗದ ಸರ್ವೆ ನಂಬರು ಅದು ತೋರಿಸುತ್ತದೆ. ಕಾಕಾ ಕೋಲು ಊರಿದಲ್ಲಿ ಹುಡುಗರು ನಂಬರು ನೋಡಿ ಬರೆದುಕೊಂಡರು. ದಿಶಾಂಕ್ ಗೆರೆಗಳು ಹತ್ತಾರು ಅಡಿ ಆಚೀಚೆ ಆಗುವುದುಂಟು, ಅದನ್ನೇ ಸಾಕ್ಷಿ ಎಂದು ಹಿಡಿಯಬಾರದು. ಸರ್ವೆಯವರಿಗೆ ದಾರಿ ತೋರಿಸಲು ಸಾಕು.

ಫೋಟೊಗಳನ್ನು ಮಳೆಗಾಲದಲ್ಲೇ ತೆಗೆಯಬೇಕು. ಇದನ್ನು ಎರಡೆರಡು ಸಲ ಹೇಳುತ್ತೇನೆ. ನಮ್ಮ ಕಡೆ ವರ್ಷಕ್ಕೆ 850 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಜೂನಿನ ಮಿರಗದಿಂದ ಸೆಪ್ಟೆಂಬರಿನ ಉತ್ತರಿಯೊಳಗೆ ಬಹುಪಾಲು ಮುಗಿಯುತ್ತದೆ. ಅಧಿಕಾರಿಗಳು ಸ್ಥಳ ನೋಡಲು ಬರುವುದು ಮಾರ್ಚ್, ಏಪ್ರಿಲಿನಲ್ಲಿ. ಆಗ ಹಳ್ಳ ಬರೀ ಕಲ್ಲು, ಜಾಲಿ. ‘ಇದರಾಗ ನೀರೇ ಇಲ್ಲಲ್ರೀ, ಇದರ ಸಲುವಾಗಿ ಯಾಕ ಇಷ್ಟು ಗದ್ದಲ?’ ಎಂದು ಒಬ್ಬರು ಕೇಳಿಯೇ ಕೇಳಿದರು. ಕಾಕಾ ಉತ್ತರ ಕೊಟ್ಟರು: ‘ಸಾಹೇಬ್ರ, ಮಿರಗದ ಮಳಿ ಬಂದ ಮ್ಯಾಲ ಬರ್ರಿ. ನಿಮ್ಮ ಜೀಪು ಈ ದಂಡಿಗೇ ನಿಲ್ಲಿಸಬೇಕಾಗ್ತದ.’ ನಾವು ಜೀಪಿನ ಬದಲು ಫೋಟೊ ತೋರಿಸಿದೆವು. ಸೊಂಟದ ಮಟ್ಟ ಹರಿಯುವ ಕೆಂಪು ನೀರು, ಮೇಲೆ ತಾರೀಕು, ಜಾಗದ ಗುರುತು. ಆಮೇಲೆ ಅವರು ಆ ಪ್ರಶ್ನೆ ಎತ್ತಲಿಲ್ಲ.

ಅರ್ಜಿ ಬರೆಯುವಾಗ ಒಂದು ನೇಮ ಇಟ್ಟುಕೊಂಡೆವು. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ. ಹಳ್ಳ ಉಳಿಸಿ, ಕೆರೆ ಹೂಳೆತ್ತಿ, ಪರಿಸರ ಕಾಪಾಡಿ, ರೈತರಿಗೆ ನ್ಯಾಯ ಕೊಡಿ ಎಂದು ಎಲ್ಲ ಕೂಡಿಸಿ ಬರೆದ ಮನವಿ ಎಲ್ಲ ಕಚೇರಿಗೂ ಹೋಗಿ ಎಲ್ಲೂ ನಿಲ್ಲುವುದಿಲ್ಲ. ನಮ್ಮ ಮೊದಲ ಅರ್ಜಿ ತಹಸೀಲ್ದಾರರಿಗೆ: ಇಂತಿಂಥ ಸರ್ವೆ ನಂಬರುಗಳಲ್ಲಿ ಹಾದುಹೋಗುವ ಹಳ್ಳವನ್ನು ಅಳತೆ ಮಾಡಿ ಹದ್ದುಬಸ್ತು (ಗಡಿ ಗುರುತಿಸಿ ಕಲ್ಲು ನೆಡುವುದು) ಮಾಡಿಕೊಡಬೇಕು, ಅಷ್ಟೇ. ಎರಡನೆಯದು ಪಹಣಿಯಲ್ಲಿ ‘ಬ’ ಖರಾಬು ತಿದ್ದುಪಡಿಗೆ. ಮೂರನೆಯದು ಜಿಲ್ಲಾಧಿಕಾರಿಗಳಿಗೆ, ಪಕ್ಕದ ಹೊಲದ ಎನ್‌ಎ ಅರ್ಜಿಗೆ ನಮ್ಮ ಲಿಖಿತ ಆಕ್ಷೇಪಣೆ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಕೊಡುವವರು ಅವರೇ. ಹಳ್ಳದ ಜಾಗ ಬಿಟ್ಟು ಉಳಿದದ್ದಕ್ಕೆ ಮಾತ್ರ ಕೊಡಿ ಎಂದು ಕೇಳಿದೆವು, ಪೂರ್ತಿ ಕೊಡಬೇಡಿ ಎನ್ನಲಿಲ್ಲ. ಪ್ರತಿಯೊಂದನ್ನೂ ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಹೊಡೆಸಿದ ಪ್ರತಿ ಇಟ್ಟುಕೊಂಡೆವು. ಮೊಹರಿಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ. ಒಂದು ಕಚೇರಿಯಲ್ಲಿ ನಮ್ಮ ಫೈಲು ಕಾಣೆಯಾಯಿತು. ಮೊಹರಿನ ಪ್ರತಿ ಇದ್ದದ್ದರಿಂದ ಹೊಸ ಫೈಲು ಅದೇ ಹಳೆಯ ತಾರೀಕಿನಿಂದ ಶುರುವಾಯಿತು.

ಗ್ರಾಮಸಭೆಯ ಠರಾವೂ (ನಿರ್ಣಯ) ಬೇಕು. ಅದಕ್ಕೆ ಊರು ಒಂದಾಗಬೇಕು, ಅದೇ ಕಷ್ಟದ ಕೆಲಸ. ಕಚೇರಿಗೆ ಅಲೆಯುವುದಕ್ಕಿಂತ ಹೆಚ್ಚು ನಾನು ನಮ್ಮೂರ ಕಟ್ಟೆಗಳ ಮೇಲೆ ಕೂತಿದ್ದೇನೆ.

ಹೊಲ ಮಾರಲು ನಿಂತಿದ್ದವರಲ್ಲಿ ಒಬ್ಬರು ನನಗೆ ಸೋದರಮಾವನಾಗಬೇಕು. ಹಳ್ಳದ ದಂಡೆಗೇ ಅವರ ಹೊಲ. ಅವರ ಅಂಗಳದಲ್ಲಿ ಕೂತಾಗ ಅವರು ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ‘ತಮ್ಮಾ, ನಾ ಹೊಲಾ ಮಾರಿದ್ರ ನಿನಗ ಬ್ಯಾಸರ ಆಗ್ತದ, ನನಗ ಗೊತ್ತದ. ಆದ್ರ ಬೋರಿಗೆ ಮಾಡಿದ ಸಾಲಾ ಅದ, ಸಣ್ಣಾಕಿ ಮದುವಿ ಅದ. ಮಳಿ ಕೈಕೊಟ್ಟಾಗ ನಿನ್ನ ಹಳ್ಳ ನನ್ನ ಸಾಲಾ ತೀರಸ್ತದೇನು?’ ನನಗೆ ಉತ್ತರ ಹೊಳೆಯಲಿಲ್ಲ. ಅವರದ್ದು ತಪ್ಪೂ ಅಲ್ಲ. ಬೇಸಾಯ ಹೊಟ್ಟೆ ತುಂಬಿಸದಿದ್ದರೆ ಹೊಲ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಇದನ್ನು ಬಿಟ್ಟು ಕೃಷಿಭೂಮಿ ಉಳಿಸುವ ಮಾತು ಆಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೊನೆಗೆ ಮಾವ ಅರ್ಧ ಹೊಲ ಮಾರಿದರು, ಹಳ್ಳಕ್ಕೆ ಹತ್ತಿದ ಅರ್ಧ ಇಟ್ಟುಕೊಂಡರು. ಅದನ್ನು ಊರಿನ ಒಬ್ಬ ಹುಡುಗ ಪಾಲಿಗೆ ಮಾಡುತ್ತಿದ್ದಾನೆ. ಪಾಲಿಗೆ ಮಾಡುವವರಿಗೆ ಹೊಲ ಹೊಂದಿಸಿಕೊಡುವ ಕೆಲಸ ನಾವು ಮೂರ್ನಾಲ್ಕು ಜನ ವಹಿಸಿಕೊಂಡೆವು. ಬೀದರಿನಲ್ಲಿ ನೌಕರಿ ಮಾಡುತ್ತ ಹೊಲ ಬೀಳು ಬಿಟ್ಟವರನ್ನು ಮನೆ ಹೊಕ್ಕು ಮಾತಾಡಿಸಿದೆವು. ಬೀಳು ಬಿದ್ದ ಹೊಲವೇ ಮೊದಲು ಪ್ಲಾಟಾಗುವುದು. ಬೇಸಿಗೆಯಲ್ಲಿ ಕುರಿ ತರುಬಿಸಿ ಗೊಬ್ಬರ ಮಾಡಿಸಿ, ಮಳೆಗಾಲಕ್ಕೆ ತೊಗರಿಯಲ್ಲಿ ಉದ್ದು ಅಕ್ಕಡಿ ಹಾಕಿ, ಹಿಂಗಾರಿಗೆ ಜೋಳ ಕಡಲೆ ಎಂದು ಖರ್ಚು ಕಡಿಮೆಯ ಬೇಸಾಯಕ್ಕೆ ಕೆಲವರು ಮರಳಿದ್ದಾರೆ. ಎಲ್ಲರೂ ಅಲ್ಲ.

ಊರನ್ನು ಕೂಡಿಸಲು ನಮಗೆ ಎಳ್ಳ ಅಮಾವಾಸ್ಯೆ ಒದಗಿತು. ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದವರೂ ಬರುತ್ತಾರೆ. ಹೊಲದಲ್ಲಿ ಪಾಂಡವರನ್ನಿಟ್ಟು ಪೂಜೆ, ಚರಗ, ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ. ಆ ವರ್ಷ ಊಟ ಮುಗಿದ ಮೇಲೆ ಹಳ್ಳದ ದಂಡೆಯಲ್ಲಿ ಎಲ್ಲರೂ ಸೇರೋಣ ಎಂದು ಮೊದಲೇ ಸಾರಿದ್ದೆವು. ನಕ್ಷೆಯನ್ನು ದೊಡ್ಡದಾಗಿ ಅಚ್ಚುಹಾಕಿಸಿ ಎರಡು ಬಿದಿರಿಗೆ ಕಟ್ಟಿದೆವು. ತಮ್ಮ ಹೊಲ ಎಲ್ಲಿದೆ ಎಂದು ಒಬ್ಬೊಬ್ಬರೂ ಬೆರಳಿಟ್ಟು ಹುಡುಕಿದರು. ಹೆಣ್ಣುಮಕ್ಕಳು ಹೆಚ್ಚು ಹೊತ್ತು ನಿಂತು ನೋಡಿದರು. ಮುರುಮು ತುಂಬಿದ ಜಾಗವನ್ನು ಕೆಂಪು ಬಣ್ಣದಲ್ಲಿ ಗುರುತು ಮಾಡಿದ್ದೆವು. ನಮ್ಮ ಚಿಕ್ಕಮ್ಮ ಅದನ್ನು ನೋಡಿ, ‘ಇದು ಮುಚ್ಚಿದ್ರ ನಮ್ಮ ಓಣಿ ಬಾವಿಗೆ ಏನ್ ಬಂತು?’ ಎಂದು ಕೇಳಿದರು. ಹೊಲ ಮಾರಿದವರೂ ಅಲ್ಲೇ ಇದ್ದರು. ಹೊಲ ನಿಮ್ಮದು, ಕೇಳುವವರು ನಾವಲ್ಲ, ಹಳ್ಳ ಮಾತ್ರ ಎಲ್ಲರದ್ದು ಎಂದು ಬಿಡಿಸಿ ಹೇಳಿದೆ. ಮುಂದಿನ ಗ್ರಾಮಸಭೆಯಲ್ಲಿ ಠರಾವಿಗೆ ಅವರೂ ಸಹಿ ಮಾಡಿದರು.

ಜಂಟಿ ಸರ್ವೆಗೆ ದಿನ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಎರಡು ಸಲ ಮುಂದೂಡಿತು. ಬಂದ ದಿನ ಊರಿನ ಅರ್ಧ ಜನ ಹಳ್ಳದಲ್ಲಿದ್ದರು. ಸರ್ವೆಯರ್ ಒಳ್ಳೆಯ ಹುಡುಗ, ಟಿಪ್ಪಣಿ ಹಿಡಿದು ಒಂದೊಂದು ಮೂಲೆಯಿಂದ ಅಳೆಯುತ್ತ ಬಂದ. ಪ್ಲಾಟಿನವರೂ ಇದ್ದರು, ಮಾತಿಗೆ ಮಾತು ಬೆಳೆಯಿತು. ಅಳತೆ ಮುಗಿದಾಗ ಮುರುಮು ತುಂಬಿದ ತಿರುವು ಪೂರ್ತಿ ‘ಬ’ ಖರಾಬಿನೊಳಗೆ ಬಿತ್ತು. ಪಂಚನಾಮೆ ಬರೆಸಿ, ಓದಿಸಿ, ಎಲ್ಲರ ಸಹಿ ಹಾಕಿಸಿ, ಅದರ ಪ್ರತಿ ಅಲ್ಲೇ ಫೋಟೊ ತೆಗೆದುಕೊಂಡೆವು. ಪಂಚನಾಮೆಗೆ ಸಹಿ ಹಾಕುವ ಮೊದಲು ಓದಲೇಬೇಕು. ‘ಹಳ್ಳದ ಕುರುಹು ಕಂಡುಬರುವುದಿಲ್ಲ’ ಎಂಬಂಥ ಒಂದು ಸಾಲು ಒಳಗೆ ಸೇರಿದರೆ ಮುಂದೆ ಅದೇ ನಮ್ಮ ಕುತ್ತಿಗೆಗೆ ಬರುತ್ತದೆ. ಕಲ್ಲು ನೆಡುವ ಖರ್ಚು ಪಂಚಾಯ್ತಿ ವಹಿಸಿತು. ಬಿಳಿ ಬಣ್ಣ ಬಳಿದು, ಪ್ರತಿ ಕಲ್ಲಿಗೂ ನಂಬರು ಬರೆಸಿದೆವು. ತುಂಬಿದ ಮುರುಮನ್ನು ಪ್ಲಾಟಿನವರೇ ಎತ್ತಿಸಬೇಕಾಯಿತು. ಪರಿಷ್ಕೃತ ಲೇಔಟ್ ನಕ್ಷೆಯಲ್ಲಿ ಹಳ್ಳವೂ, ಅದರ ದಂಡೆಯ ಪಟ್ಟಿಯೂ ಬಿಟ್ಟುಕೊಂಡು ಬಂದವು.

ಗೈರಾಣದ ಕಥೆ ಬೇರೆ. ಅಲ್ಲಿ ಯಾರೂ ಕೊಳ್ಳಲು ಬರಲಿಲ್ಲ, ಸುಮ್ಮನೆ ತಿನ್ನತೊಡಗಿದ್ದರು. ರಾತ್ರಿ ಟ್ರ್ಯಾಕ್ಟರಿನಲ್ಲಿ ನಗರದ ಒಡೆದ ಮನೆಗಳ ಇಟ್ಟಿಗೆ, ಕಾಂಕ್ರೀಟು ತಂದು ಸುರಿಯುವುದು, ಹಗಲು ಮುರುಮು ತೋಡಿಕೊಂಡು ಹೋಗುವುದು. ಸರ್ಕಾರಿ ಕಟ್ಟಡಗಳಿಗೆ ಜಾಗ ಹುಡುಕುವವರ ಕಣ್ಣೂ ಅದರ ಮೇಲೆಯೇ. ಇಲ್ಲಿ ನಮಗೆ ನೆರವಾದದ್ದು ಭೂಕಂದಾಯ ನಿಯಮಗಳ 97ನೇ ನಿಯಮ. ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಊರಿಗೆ ಇರಬೇಕು ಎನ್ನುತ್ತದೆ ಅದು. ದನ ಕಡಿಮೆ ಇದ್ದರೆ ಹೆಚ್ಚುವರಿ ಎಂದು ತೆಗೆಯಬಹುದು. ಹಾಗಾಗಿ ಪಶು ಆಸ್ಪತ್ರೆಯಿಂದ ನಮ್ಮೂರ ದನಗಳ ಲೆಕ್ಕ ಬರೆಸಿ ತಂದು ಫೈಲಿಗೆ ಸೇರಿಸಿದೆವು. ಲೆಕ್ಕದ ಪ್ರಕಾರ ನಮ್ಮ ಗೈರಾಣ ಸಾಲದೇ ಇತ್ತು, ಹೆಚ್ಚುವರಿಯ ಮಾತು ಅಲ್ಲಿಗೆ ಮುಗಿಯಿತು. ಜೊತೆಗೆ ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರತಿ ಇಟ್ಟೆವು. ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿಸಿ ಪಂಚಾಯ್ತಿಗೆ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಆ ತೀರ್ಪು ಹೇಳುತ್ತದೆ. ಗುಂಡುತೋಪು, ಗೋಮಾಳ, ಕೆರೆ ಯಾವುದರ ಅರ್ಜಿ ಬರೆದರೂ ಇದನ್ನು ಲಗತ್ತಿಸಿ.

ಕಾಗದವೊಂದೇ ಗೈರಾಣ ಕಾಯುವುದಿಲ್ಲ. ದಿನಾ ಜನ ಓಡಾಡುವ ಜಾಗಕ್ಕೆ ಟ್ರ್ಯಾಕ್ಟರು ಬರುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಆಗ ಸುತ್ತ ಟ್ರೆಂಚು ಹೊಡೆಸಿದೆವು. ಗಾಡಿಗಳು ಒಳಗೆ ಬರದಂತಾಯಿತು, ಮಳೆನೀರೂ ಅಲ್ಲೇ ಇಂಗಿತು. ಟ್ರೆಂಚಿನ ಮಣ್ಣಿನ ಮೇಲೆ ಸೀತಾಫಲ, ಬೇವು, ಬಾರಿ (ಬೋರೆ), ಮುತ್ತಲ. ಅರಣ್ಯ ಇಲಾಖೆಯ ನರ್ಸರಿಯವರು ಬೇರೆ ಸಸಿ ಕೊಡಲು ತಯಾರಿದ್ದರು, ನಾವು ನಮ್ಮ ನೆಲಕ್ಕೆ ಒಗ್ಗಿದ್ದನ್ನೇ ಕೇಳಿ ತಂದೆವು. ನಡುವಿನ ಬಯಲಿಗೆ ಒಂದು ಗಿಡವನ್ನೂ ಹಚ್ಚಲು ಬಿಡಲಿಲ್ಲ. ಹುಲ್ಲಿನ ಬಯಲು ಬರಿದಾಗಿ ಕಾಣುತ್ತದೆ ಎಂದು ಗಿಡ ತುಂಬುವವರು ಬಹಳ. ಅದು ದನದ ಮೇವು, ಚಿಗರಿಯ ಮನೆ. ಬೀದರ್ ಸುತ್ತಿನ ಬಯಲುಗಳಲ್ಲಿ ಕೃಷ್ಣಮೃಗಗಳ ಹಿಂಡು ಈಗಲೂ ಇವೆ. ಬೆಳೆ ತಿನ್ನುತ್ತವೆ ಎಂದು ರೈತರು ಬಯ್ಯುವುದೂ ಸುಳ್ಳಲ್ಲ. ನನ್ನ ಸೋಯಾವನ್ನೂ ತಿಂದಿವೆ. ಅವುಗಳಿಗೆ ಬಯಲು ಉಳಿಸಿದರೆ ಹೊಲಕ್ಕೆ ಬರುವುದು ಕಡಿಮೆಯಾಗುತ್ತದೆ ಎಂಬುದು ನಮ್ಮೂರಲ್ಲಿ ನಾನು ಕಂಡದ್ದು. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಹೆಸರಿಗೆ ಮಾತ್ರ ಇತ್ತು. 2002ರ ಕಾಯ್ದೆಯಂತೆ ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಶಾಲೆಯ ಮಕ್ಕಳನ್ನು ಕರೆದುಕೊಂಡು, ಕುರಿ ಕಾಯುವ ಕಾಕಾನನ್ನು ಮುಂದೆ ಮಾಡಿ, ಗೈರಾಣದ ಹುಲ್ಲು, ಗಿಡ, ಹಕ್ಕಿ, ಚಿಗರಿ ಎಲ್ಲ ಬರೆಸಿ ಸಮಿತಿಯ ಮುಂದಿಟ್ಟೆವು. ಈಗ ಯಾವುದೇ ಇಲಾಖೆ ಆ ಜಾಗ ಖಾಲಿ ಬಿದ್ದಿದೆ ಎಂದು ಬರೆದರೆ ಎದುರು ಇಡಲು ಪಂಚಾಯ್ತಿಯದೇ ದಾಖಲೆ ಇದೆ.

ಕೆರೆಗೆ ನಾವು ಹೆಚ್ಚೇನೂ ಮಾಡಲಿಲ್ಲ. ಹಳ್ಳ ಉಳಿದದ್ದರಿಂದ ಅದು ಉಳಿಯಿತು. ಹೂಳು ರೈತರೇ ಹೊಲಕ್ಕೆ ಹೊತ್ತುಕೊಂಡು ಹೋದರು.

ನಾವು ಕಳೆದುಕೊಂಡದ್ದೂ ಸಣ್ಣದಲ್ಲ. ಹಳ್ಳದ ಮೂಡಣ ಮಗ್ಗುಲಿನ ಒಳ್ಳೆಯ ಹೊಲಗಳು ಪ್ಲಾಟಾದವು. ಅದರಲ್ಲಿ ನನ್ನ ಅಜ್ಜ ಜೋಳ ಬೆಳೆಯುತ್ತಿದ್ದ, ನಾವು ಪಾಲಾದಾಗ ಅಣ್ಣನ ಕಡೆಗೆ ಹೋದ ನೆಲವೂ ಇದೆ. ಖಾಸಗಿ ಹೊಲವನ್ನು ಉಳಿಸಲು ನಮ್ಮ ಕೈಯಲ್ಲಿರುವ ದೊಡ್ಡ ದಾರಿ ನಗರದ ಮಹಾಯೋಜನೆ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಂತೆ ಅದರ ಕರಡು ಹೊರಬಿದ್ದಾಗ ಜನರ ಆಕ್ಷೇಪಣೆಗೆ 60 ದಿನ ಕೊಡುತ್ತಾರೆ. ಯಾವ ಸರ್ವೆ ನಂಬರು ಹಳದಿ (ವಸತಿಗೆ), ಯಾವುದು ಹಸಿರು (ಬೇಸಾಯಕ್ಕೆ) ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಹಳದಿಯಾದ ಮೇಲೆ ಎನ್‌ಎ ತಡೆಯುವುದು ಬಹಳ ಕಷ್ಟ. ನಮ್ಮ ಸುತ್ತಿನ ಹಳ್ಳಿಗಳವರು ಈಗಿನಿಂದಲೇ ತಮ್ಮ ಝರಿ, ಹಳ್ಳ, ನೀರು ಇಂಗುವ ಬಯಲುಗಳ ನಂಬರು ಪಟ್ಟಿ ಮಾಡಿಟ್ಟುಕೊಳ್ಳುತ್ತಿದ್ದೇವೆ. ಕರಡು ಬಂದ ದಿನ ಹುಡುಕಲು ಕೂತರೆ 60 ದಿನ ಸಾಲುವುದಿಲ್ಲ.

ಪ್ರತಿ ಯುಗಾದಿಯ ಮರುದಿನ ಹಳ್ಳದ ಉದ್ದಕ್ಕೂ ನಡೆದು ಕಲ್ಲು ಎಣಿಸುತ್ತೇವೆ. ಈ ಸಲ ಮೇಲಿನ ತುದಿಯ ಎರಡು ಕಲ್ಲು ಕಿತ್ತುಬಿದ್ದಿದ್ದವು. ಯಾರ ಮೇಲೂ ಬೆರಳು ಮಾಡದೆ, ಪಂಚನಾಮೆಯ ಪ್ರತಿ ಹಚ್ಚಿ, ಮರಳಿ ನೆಡಿಸಿ ಎಂದು ಅರ್ಜಿ ಕೊಟ್ಟಿದ್ದೇವೆ. ಪಕ್ಕದ ಊರಿನವರು ತಮ್ಮ ಹಳ್ಳದ ಸೇತ್ವಾರದ ಪ್ರತಿ ತೆಗೆಸಿದ್ದಾರೆ. ಮಾಸ್ತರರ ಕಣ್ಣಿನ ಆಪರೇಷನ್ ಆಗಿದೆ, ಇನ್ನು ಹದಿನೈದು ದಿನ ಓದಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಅದಾದ ಮೇಲೆ ಅವರನ್ನು ಕರೆದುಕೊಂಡು ಹೋಗುತ್ತೇನೆ.